ಗೋಥಿಕ್ ಶೈಲಿಯ ಹಳ್ಳಿಮಹಲನ್ನು ನೋಡುವ ಕ್ರಮ: ಟಿಂಟ್ಸ್‌ಫೀಲ್ಡ್ ಮಹಲಿನ ನಿದರ್ಶನದೊಂದಿಗೆ

ಇಂಗ್ಲೆಂಡಿನ ಬ್ರಿಸ್ಟಲ್ ನಗರದಿಂದ ಸುಮಾರು 11 ಕಿಲೋಮೀಟರ್ ದೂರದಲ್ಲಿ, ರಾಕ್ಸಲ್ ಎಂಬ ಹಳ್ಳಿಯ ಬಳಿ ಇರುವ ಟಿಂಟ್ಸ್‌ಫೀಲ್ಡ್, ವಿಕ್ಟೋರಿಯಾ ಕಾಲದ ಗೋಥಿಕ್ (ಮಧ್ಯಯುಗದ ಯುರೋಪಿನ ಮೊನಚು ಕಮಾನಿನ ಶೈಲಿಯ) ಮಹಲುಗಳ ಪೈಕಿ ತನ್ನ ಪೀಠೋಪಕರಣ, ಪಾತ್ರೆಪಗಡ, ಪ್ರಾರ್ಥನಾ ಮಂದಿರಗಳ ಸಮೇತ ಉಳಿದು ಬಂದಿರುವ ಅಪರೂಪದ ಮನೆ. 2002ರಿಂದ ಅದು ಚಾರಿತ್ರಿಕ ಸ್ಥಳಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಒಡೆತನದಲ್ಲಿದ್ದು, ಟಿಕೆಟ್ ಪಡೆದು ಯಾರು ಬೇಕಾದರೂ ನೋಡಬಹುದು. ಆದರೆ ಇಂಥ ಮನೆಯನ್ನು ನೋಡಿ ಬಂದವರನ್ನು ಏನು ಕಂಡಿರಿ ಎಂದು ಕೇಳಿದರೆ, ತುಂಬ ವೈಭವವಾಗಿತ್ತು ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗುವುದು ಕಡಿಮೆ. ಅದು ನೋಡುಗರ ತಪ್ಪಲ್ಲ. ಗೋಥಿಕ್ ಮನೆಯಲ್ಲಿ ಒಂದೇ ನೋಟಕ್ಕೆ ಎದುರಾಗುವ ಕೆತ್ತನೆ, ಬಣ್ಣದ ಗಾಜು, ಮೊನಚು ಕಮಾನು, ಗೋಪುರಗಳ ರಾಶಿಯಲ್ಲಿ ಕಣ್ಣು ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ಸೋತುಹೋಗುತ್ತದೆ.

ಅದಕ್ಕೊಂದು ಕ್ರಮವಿದೆ. ಒಳಗೆ ಹೋಗುವ ಮೊದಲು ಹೊರಗೆ, ಹೊರಗಡೆಯೂ ಕೆಳಗಿಗಿಂತ ಮೊದಲು ಮೇಲೆ ನೋಡಬೇಕು. ಕಂಡ ಪ್ರತಿಯೊಂದು ಭಾಗದ ಮುಂದೆಯೂ ನಿಂತು, ಇದು ಇಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ಕೇಳಿಕೊಳ್ಳಬೇಕು. ಆ ಹಳೆಯ ಶೈಲಿಯನ್ನು ಮತ್ತೆ ಬಳಕೆಗೆ ತಂದ ಗೋಥಿಕ್ ಪುನರುಜ್ಜೀವನದ ಅತ್ಯಂತ ನಿಷ್ಠುರ ಪ್ರತಿಪಾದಕನಾದ ವಾಸ್ತುಶಿಲ್ಪಿ ಆಗಸ್ಟಸ್ ಪ್ಯೂಜಿನ್ 1841ರಲ್ಲಿ ಮಂಡಿಸಿದ ನಿಯಮವೂ ಇದನ್ನೇ ಬೇಡುತ್ತದೆ: ಅನುಕೂಲಕ್ಕೋ, ಕಟ್ಟಡದ ಬಲಕ್ಕೋ, ಔಚಿತ್ಯಕ್ಕೋ ಬೇಕಿಲ್ಲದ ಯಾವ ಅಂಗವೂ ಮನೆಯಲ್ಲಿರಬಾರದು, ಅಲಂಕಾರವೆಲ್ಲ ಆ ಅಗತ್ಯ ಅಂಗಗಳನ್ನೇ ಸಿಂಗರಿಸುವಂತಿರಬೇಕು. ಆತನ ನಂತರದ ಪೀಳಿಗೆ ಕಟ್ಟಿದ ಮನೆಯನ್ನು ಆ ನಿಯಮದಿಂದಲೇ ಅಳೆದು ನೋಡುವುದು ನ್ಯಾಯ.

ಹೊರಡುವ ಮೊದಲು

ಮೂರು ತಲೆಮಾರಿನ ಕೆಲಸ ಒಂದರ ಮೇಲೊಂದು ಕೂತಿರುವ ಮನೆಯಿದು. ಆದ್ದರಿಂದ ಕೆಲವು ಇಸವಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಅರ್ಧ ಗೊಂದಲ ತಪ್ಪುತ್ತದೆ. ಇಲ್ಲಿ ಮೊದಲು ಇದ್ದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಸಾಧಾರಣ ಜಾರ್ಜಿಯನ್ ಮನೆ, ಅಂದರೆ ಜಾರ್ಜ್ ದೊರೆಗಳ ಕಾಲದ ಸರಳ ಶೈಲಿಯದು. ವಿಲಿಯಂ ಗಿಬ್ಸ್ ಎಂಬ ವ್ಯಾಪಾರಿ ಅದನ್ನು 1843ರಲ್ಲಿ ಕೊಂಡ. 1863ರಿಂದ 1865ರವರೆಗೆ ವಾಸ್ತುಶಿಲ್ಪಿ ಜಾನ್ ನಾರ್ಟನ್ ಆ ಮನೆಯನ್ನು ಕೆಡವದೆ, ಅದರ ಮೇಲೊಂದು ಅಂತಸ್ತು ಏರಿಸಿ, ರೆಕ್ಕೆಗಳನ್ನು ಚಾಚಿ, ಗೋಪುರಗಳನ್ನು ಸೇರಿಸಿ, ಹೊರಮೈಗೆಲ್ಲ ಬಾತ್ ಕಲ್ಲು ಹೊದಿಸಿ ಇಂದಿನ ರೂಪಕ್ಕೆ ತಂದ. ಇದಕ್ಕೆ ತಗುಲಿದ ವೆಚ್ಚ 70,000 ಪೌಂಡ್. 1870ರ ದಶಕದಲ್ಲಿ ವಾಸ್ತುಶಿಲ್ಪಿ ಆರ್ಥರ್ ಬ್ಲೊಮ್‌ಫೀಲ್ಡ್ ಪ್ರಾರ್ಥನಾ ಮಂದಿರವನ್ನು ಸೇರಿಸಿದ. 1880ರ ದಶಕದಲ್ಲಿ ಗಿಬ್ಸ್‌ನ ಮಗ ಆಂಟನಿಯ ಕಾಲಕ್ಕೆ ಹೆನ್ರಿ ವುಡಿಯರ್ ಎಂಬ ಇನ್ನೊಬ್ಬ ವಾಸ್ತುಶಿಲ್ಪಿ ಊಟದ ಕೋಣೆಯನ್ನೂ ಮೆಟ್ಟಿಲ ಹಜಾರವನ್ನೂ ಬದಲಾಯಿಸಿದ. ಈ ನಾರ್ಟನ್, ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್‌ಗಾಗಿ ಸಫೋಕ್‌ನ ಎಲ್ವೆಡನ್ ಹಾಲ್ ಎಂಬ ಮಹಲನ್ನು ಮರುರೂಪಿಸಿದವನೂ ಹೌದು. ಗೋಥಿಕ್ ಮನೆಗೂ ಒಳಗೆಲ್ಲ ಭಾರತೀಯ ಅಲಂಕಾರವಿರುವ ಮನೆಗೂ ಒಬ್ಬನೇ ನಕ್ಷೆ ಬರೆದನೆಂಬುದು ಆ ಕಾಲದ ವಾಸ್ತುಶಿಲ್ಪಿಗಳ ವೃತ್ತಿಜೀವನದ ಬಗೆಗೆ ಬಹಳ ಹೇಳುತ್ತದೆ.

ಜೊತೆಗೆ ಒಂದು ಸಣ್ಣ ನೋಟ್‌ಪುಸ್ತಕ, ಪೆನ್ಸಿಲ್, ಸಾಧ್ಯವಾದರೆ ಒಂದು ದುರ್ಬೀನು ಇರಲಿ. ಫೋಟೋ ತೆಗೆಯುವುದಕ್ಕಿಂತ ಮೊದಲು ಕೈಯಲ್ಲಿ ಒರಟಾಗಿಯಾದರೂ ಬರೆದುಕೊಳ್ಳಿ, ಏಕೆಂದರೆ ಕಮಾನು ಎಲ್ಲಿಂದ ಏಳುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದು ಬರೆಯಲು ಕೂತಾಗಲೇ ಗಮನಕ್ಕೆ ಬರುತ್ತದೆ.

ದೂರದಿಂದ: ಆಕಾಶಕ್ಕೆ ತಾಗುವ ಗೆರೆ

ಹುಲ್ಲುಹಾಸಿನ ಮೇಲೆ ಸಾಕಷ್ಟು ಹಿಂದಕ್ಕೆ ಸರಿದು ನಿಂತು, ಗೋಡೆಗಳನ್ನು ಸದ್ಯಕ್ಕೆ ಮರೆತು, ಮಾಡು ಮತ್ತು ಆಕಾಶ ಕೂಡುವ ಗೆರೆಯನ್ನಷ್ಟೇ ಎಡದಿಂದ ಬಲಕ್ಕೆ ಕಣ್ಣಿನಲ್ಲಿ ಹಿಂಬಾಲಿಸಿ. ಜಾರ್ಜಿಯನ್ ಮನೆಯಲ್ಲಿ ಆ ಗೆರೆ ನೇರವಾಗಿರುತ್ತದೆ, ನಡುವಿನ ಬಾಗಿಲಿನ ಎರಡು ಪಕ್ಕಕ್ಕೂ ಸಮಸಂಖ್ಯೆಯ ಕಿಟಕಿಗಳಿರುತ್ತವೆ. ಇಲ್ಲಿ ಹಾಗಲ್ಲ. ಕಡಿದಾದ ಇಳಿಜಾರಿನ ಮಾಡುಗಳು, ಅವುಗಳ ತುದಿಯ ತ್ರಿಕೋನ ಗೋಡೆಗಳು, ಗುಂಪುಗುಂಪಾಗಿ ನಿಂತ ಹೊಗೆಗೂಡುಗಳು, ಮೂಲೆಯ ಕಿರುಗೋಪುರಗಳು ಬೇರೆ ಬೇರೆ ಎತ್ತರದಲ್ಲಿ ಏಳುತ್ತವೆ. ಈ ಅಸಮತೆ ಕೇವಲ ಸೊಗಸಿಗಾಗಿ ಬಂದದ್ದಲ್ಲ. ಒಳಗಿನ ಕೋಣೆಗಳು ತಮಗೆ ಬೇಕಾದಷ್ಟು ಎತ್ತರ, ಬೇಕಾದಷ್ಟು ಅಗಲ ತೆಗೆದುಕೊಳ್ಳಲಿ, ಹೊರಗಿನ ರೂಪ ಅದನ್ನು ಹಿಂಬಾಲಿಸಲಿ ಎಂಬುದು ಪ್ಯೂಜಿನ್ ಪಂಥದ ನಂಬಿಕೆಯಾಗಿತ್ತು. ಆದ್ದರಿಂದ ಹೊರಗೆ ನಿಂತೇ ಊಹೆ ಮಾಡಲು ಯತ್ನಿಸಿ: ಹೊಗೆಗೂಡುಗಳ ಗುಂಪಿನ ಕೆಳಗೆ ಅಗ್ಗಿಷ್ಟಿಕೆಗಳಿರುವ ಗೋಡೆ ಇರಲೇಬೇಕು, ಮುಂದಕ್ಕೆ ಚಾಚಿದ ದೊಡ್ಡ ಕಿಟಕಿ ಇರುವಲ್ಲಿ ಮನೆಯವರು ಹೆಚ್ಚು ಹೊತ್ತು ಕೂರುವ ಕೋಣೆ ಇದ್ದೀತು, ಸಣ್ಣ ಕಿಟಕಿಗಳು ಮೆಟ್ಟಿಲಿನಂತೆ ಓರೆಯಾಗಿ ಏರಿದ್ದರೆ ಅದರ ಹಿಂದೆ ಮೆಟ್ಟಿಲೇ ಇರುತ್ತದೆ. ಊಹೆಗಳನ್ನು ಬರೆದಿಟ್ಟುಕೊಂಡು ಒಳಗೆ ಹೋದಾಗ ತಾಳೆ ನೋಡಿ.

ಆದರೆ ಟಿಂಟ್ಸ್‌ಫೀಲ್ಡ್‌ನ ಇಂದಿನ ಗೆರೆ ನಾರ್ಟನ್ ಬರೆದ ಗೆರೆಯಲ್ಲ. ಮನೆಯ ನಡುಭಾಗದಲ್ಲಿ ಎತ್ತರವಾಗಿದ್ದ ಗೋಪುರವೊಂದನ್ನು 1935ರಲ್ಲಿ ಕೆಡವಲಾಯಿತು. ಆಗಿನ ಹಳೆಯ ಛಾಯಾಚಿತ್ರವನ್ನು ಮೊದಲೇ ನೋಡಿಕೊಂಡು ಹೋದವರಿಗೆ ಈಗಿನ ನೋಟದಲ್ಲಿ ಮಧ್ಯಭಾಗ ಏಕೆ ತುಸು ತಗ್ಗಿದಂತೆ ತೋರುತ್ತದೆ ಎಂಬುದು ತಿಳಿಯುತ್ತದೆ. ಗುಂಪಿನ ಉಳಿದೆಲ್ಲ ಶಿಖರಗಳೂ ಆ ಒಂದು ಎತ್ತರದ ಕಡೆಗೆ ಏರುವಂತೆ ಹೊಂದಿಸಿದ್ದವು. ಅಸಮತೆಗೂ ಒಂದು ತೂಕವಿರುತ್ತದೆಂಬುದನ್ನು ಈ ನಷ್ಟವೇ ಕಲಿಸುತ್ತದೆ.

ಹತ್ತಿರದಿಂದ: ಕಲ್ಲು ಮತ್ತು ಕಿಟಕಿ

ಈಗ ಗೋಡೆಯ ಬಳಿಗೆ ಬನ್ನಿ. ಹೊದಿಸಿರುವುದು ಬಾತ್ ಕಲ್ಲು, ಜೇನುಬಣ್ಣದ ಸುಣ್ಣಕಲ್ಲು. ಮುಖ ಹತ್ತಿರ ಒಯ್ದು ನೋಡಿದರೆ ಅದು ಮೀನಿನ ಮೊಟ್ಟೆಗಳಂಥ ಪುಟ್ಟ ದುಂಡು ಕಾಳುಗಳು ಒತ್ತಾಗಿ ಅಂಟಿಕೊಂಡು ಆದದ್ದೆಂದು ಕಾಣುತ್ತದೆ. ಗಣಿಯಿಂದ ಆಗತಾನೆ ತೆಗೆದಾಗ ಮೃದುವಾಗಿದ್ದು ಗರಗಸಕ್ಕೂ ಉಳಿಗೂ ಸುಲಭವಾಗಿ ಒಗ್ಗುವ ಈ ಕಲ್ಲು, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಕಿಟಕಿ ಬಾಗಿಲುಗಳ ಸುತ್ತ ಅಷ್ಟೊಂದು ಎಲೆ ಹೂವುಗಳನ್ನು ಕೆತ್ತಲು ಸಾಧ್ಯವಾದದ್ದು ಅದರಿಂದಲೇ. ಭೂಮಿಯೊಳಗೆ ಪದರವಾಗಿ ಮಲಗಿದ್ದ ರೀತಿಯಲ್ಲೇ ಇದನ್ನು ಗೋಡೆಯಲ್ಲೂ ಮಲಗಿಸಬೇಕು. ನಿಲ್ಲಿಸಿ ಕಟ್ಟಿದರೆ ಮಳೆ ಮತ್ತು ಹಿಮದ ಹೊಡೆತಕ್ಕೆ ಹೊರಮೈ ಹಾಳೆ ಹಾಳೆಯಾಗಿ ಬಿಡುತ್ತದೆ. ಹೀಗೆ ಎದ್ದುಹೋದ ಕಲ್ಲು ಎಲ್ಲಾದರೂ ಕಂಡರೆ, ಅದರ ಪದರಗಳು ಅಡ್ಡಲಾಗಿವೆಯೋ ನೆಟ್ಟಗಿವೆಯೋ ನೋಡಿ.

ಕಮಾನಿನ ಪರೀಕ್ಷೆ ಇದಕ್ಕಿಂತಲೂ ಮುಖ್ಯ. ಮೊನಚು ಕಮಾನು ಎಂದರೆ ಗೋಥಿಕ್ ಎಂದು ಮೈಸೂರಿನ ಸಂತ ಫಿಲೋಮಿನಾ ಚರ್ಚನ್ನು ಕಂಡವರಿಗೆಲ್ಲ ಗೊತ್ತು. ಆದರೆ ಮೊನಚು ಆಕಾರ ಇದ್ದಲ್ಲೆಲ್ಲ ಕಮಾನು ಇರುವುದಿಲ್ಲ. ಕಿಟಕಿಯ ತಲೆಯ ಭಾಗದಲ್ಲಿ ಕಲ್ಲುಗಳ ಕೂಡುಗೆರೆಗಳನ್ನು ಹುಡುಕಿ. ಬೆಣೆಯಾಕಾರದ ಹಲವು ಕಲ್ಲುಗಳು ಸಾಲಾಗಿ ನಿಂತು, ಅವುಗಳ ನಡುವಿನ ಗೆರೆಗಳು ಕಮಾನಿನ ಕೇಂದ್ರದ ಕಡೆಗೆ ಓರೆಯಾಗಿ ಸಾಗಿದ್ದರೆ ಅದು ನಿಜವಾದ ಕಮಾನು. ಮೇಲಿನ ಭಾರವನ್ನು ಎರಡು ಪಕ್ಕಕ್ಕೂ ಇಳಿಸುತ್ತಿದೆ. ಮೊನಚು ಕಮಾನಿನ ನೆತ್ತಿಯಲ್ಲಿ ಅನೇಕ ವೇಳೆ ಎರಡು ಬದಿಗಳನ್ನು ನಡುವೆ ಬಿಗಿಯುವ ಬೀಗಗಲ್ಲು ಇರದೆ, ಎರಡು ಕಲ್ಲುಗಳು ಪರಸ್ಪರ ಒರಗಿ ನಿಂತ ನೆಟ್ಟಗೆರೆಯಷ್ಟೇ ಇರುತ್ತದೆ. ಬದಲಿಗೆ, ಒಂದೇ ಅಡ್ಡಗಲ್ಲಿನ ಕೆಳ ಅಂಚನ್ನು ಮೊನಚಾಗಿ ಕಡೆದಿದ್ದರೆ ಅದು ಕಮಾನಿನ ವೇಷ ತೊಟ್ಟ ತೊಲೆ. ಮನೆಗಳಲ್ಲಿ ಎರಡೂ ಇರುತ್ತವೆ. ಮೇಲೆ ಭಾರವಿಲ್ಲದ ಕಿರಿಯ ಕಿಟಕಿಗೆ ಅಡ್ಡಗಲ್ಲು ಸಾಕು, ಅದನ್ನು ದೋಷವೆನ್ನಬೇಕಾಗಿಲ್ಲ. ಯಾವುದು ಎಲ್ಲಿದೆ ಎಂದು ಗುರುತಿಸುವುದೇ ಕಲಿಕೆ.

ಕಿಟಕಿಯ ತಲೆಯ ಮೇಲೆ ಹುಬ್ಬಿನ ಸ್ಥಾನದಲ್ಲಿ ಹೊರಚಾಚಿದ ಕಲ್ಲಿನ ಅಂಚೊಂದಿರುತ್ತದೆ. ಗೋಡೆಯ ಮೇಲೆ ಹರಿದು ಬರುವ ಮಳೆನೀರನ್ನು ಗಾಜಿಗೆ ತಾಗದಂತೆ ಪಕ್ಕಕ್ಕೆ ತಿರುಗಿಸುವುದು ಅದರ ಕೆಲಸ. ಅಂಚಿನ ಅಡಿಯಲ್ಲಿ ಕೊರೆದಿರುವ ಸಣ್ಣ ಕಾಲುವೆಯನ್ನು ಕೆಳಗಿನಿಂದ ತಲೆಯೆತ್ತಿ ನೋಡಬಹುದು. ನೀರು ಹಿಂದಕ್ಕೆ ತೆವಳಿ ಗೋಡೆ ಸೇರದೆ ಅಲ್ಲಿಯೇ ಹನಿಯಾಗಿ ಉದುರಲೆಂದು ಅದನ್ನು ಕೊರೆಯುತ್ತಾರೆ. ಮಳೆ ನಿಂತ ಒಂದು ಗಂಟೆಯೊಳಗೆ ಮನೆಯ ಸುತ್ತ ನಡೆದರೆ, ಈ ಅಂಚುಗಳ ಕೆಳಗೆ ಒಣಗಿದ ಕಲ್ಲು, ಎರಡು ತುದಿಗಳಿಂದ ಇಳಿದ ತೇವದ ಪಟ್ಟಿ ಸ್ಪಷ್ಟವಾಗಿ ಕಾಣುತ್ತವೆ. ಆ ತುದಿಗಳಲ್ಲೇ ಶಿಲ್ಪಿ ಎಲೆಯನ್ನೋ ಮುಖವನ್ನೋ ಕೆತ್ತುತ್ತಿದ್ದ. ಕೆಲಸ ಮಾಡುವ ಅಂಗವನ್ನು ಸಿಂಗರಿಸುವುದೆಂದರೆ ಇದೇ. ಇಂಗ್ಲೆಂಡಿನಲ್ಲಿ ಮಳೆ ಬಂದ ದಿನ ಪ್ರವಾಸ ಕೆಟ್ಟಿತೆಂದು ಕೊರಗುವವರಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ.

ಕಿಟಕಿಗಳ ಒಳಗಿನ ಗಾಜನ್ನೂ ಗಮನಿಸಿ. ಮಧ್ಯಯುಗದ ಕಿಟಕಿಯಲ್ಲಿ ಅಂಗೈಯಗಲದ ಗಾಜಿನ ತುಂಡುಗಳನ್ನು ಸೀಸದ ಪಟ್ಟಿಗಳಿಂದ ಹೆಣೆಯುತ್ತಿದ್ದರು, ಏಕೆಂದರೆ ದೊಡ್ಡ ಹಾಳೆ ತಯಾರಿಸಲು ಬರುತ್ತಿರಲಿಲ್ಲ. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ಸುಂಕ 1845ರಲ್ಲೂ ಕಿಟಕಿ ತೆರಿಗೆ 1851ರಲ್ಲೂ ರದ್ದಾದವು. ಅದರ ನಂತರ ಕಟ್ಟಿದ ಮನೆಗಳಲ್ಲಿ ಗೋಥಿಕ್ ಕಲ್ಲಿನ ಚೌಕಟ್ಟಿನೊಳಗೆ ದೊಡ್ಡ ಗಾಜಿನ ಹಾಳೆಗಳು ಕೂರತೊಡಗಿದವು. ಹದಿಮೂರನೆಯ ಶತಮಾನದ ಆಕಾರ, ಹತ್ತೊಂಬತ್ತನೆಯ ಶತಮಾನದ ಬೆಳಕು: ವಿಕ್ಟೋರಿಯಾ ಕಾಲದ ಮನೆಯನ್ನು ಹಳೆಯ ಮಠದಿಂದ ಬೇರ್ಪಡಿಸುವ ಗುರುತುಗಳಲ್ಲಿ ಇದು ಅತಿ ಸುಲಭವಾದದ್ದು.

ಒಳಗೆ: ಮೇಲ್ಛಾವಣಿಯನ್ನು ನಂಬಬಹುದೆ?

ಒಳಗೆ ಕಾಲಿಟ್ಟೊಡನೆ ಕೋಣೆಯಿಂದ ಕೋಣೆಗೆ ಧಾವಿಸದೆ, ಎಲ್ಲ ಕೋಣೆಗಳನ್ನೂ ಕೂಡಿಸುವ ಹಜಾರವನ್ನು ಮೊದಲು ಅರ್ಥಮಾಡಿಕೊಳ್ಳಿ. ನಾರ್ಟನ್ ಹಳೆಯ ಜಾರ್ಜಿಯನ್ ಮನೆಯ ಗೋಡೆಗಳನ್ನು ಉಳಿಸಿಕೊಂಡಿದ್ದರಿಂದ, ಗೋಥಿಕ್ ಹೊದಿಕೆಯೊಳಗೆ ಚೌಕಾಕಾರದ ಸರಳ ಕೋಣೆಗಳು ಅಲ್ಲಲ್ಲಿ ಅಡಗಿವೆ. ಬಾಗಿಲ ಬಳಿ ಗೋಡೆಯ ದಪ್ಪವನ್ನು ಕಣ್ಣಳತೆಯಲ್ಲಿ ನೋಡುತ್ತ ಹೋದರೆ ಹಳತು ಎಲ್ಲಿ ಮುಗಿದು ಹೊಸತು ಎಲ್ಲಿ ಆರಂಭವಾಗುತ್ತದೆಂಬ ಸುಳಿವು ಸಿಗುತ್ತದೆ. ಮೆಟ್ಟಿಲ ಹಜಾರದಲ್ಲಿ ನಿಂತಾಗ ಇದು ನಾರ್ಟನ್ ಮತ್ತು ವುಡಿಯರ್ ಇಬ್ಬರ ಕೈ ಸೇರಿದ ಜಾಗ ಎಂಬುದು ನೆನಪಿರಲಿ.

ಮೇಲ್ಛಾವಣಿಯ ವಿಷಯದಲ್ಲಿ ಗೋಥಿಕ್ ಪುನರುಜ್ಜೀವನದ ಎರಡು ಕಾಲಗಳು ಪೂರಾ ಬೇರೆ ಬೇರೆ. ಟಿಂಟ್ಸ್‌ಫೀಲ್ಡ್‌ಗೆ ನೂರು ವರ್ಷಗಳಿಗೂ ಮೊದಲು, ಲಂಡನ್ ಬಳಿಯ ಟ್ವಿಕನ್‌ಹ್ಯಾಮ್‌ನಲ್ಲಿ ಲೇಖಕ ಹೊರೇಸ್ ವಾಲ್‌ಪೋಲ್ 1749ರಿಂದ ಹಂತಹಂತವಾಗಿ ಕಟ್ಟಿಸಿದ ಸ್ಟ್ರಾಬೆರಿ ಹಿಲ್ ಎಂಬ ಮನೆಯಿದೆ. ಅದರ ಉದ್ದನೆಯ ಗ್ಯಾಲರಿಯ ಮೇಲ್ಛಾವಣಿ, ವೆಸ್ಟ್‌ಮಿನ್‌ಸ್ಟರ್ ಅಬೆಯ ಏಳನೆಯ ಹೆನ್ರಿಯ ಮಂದಿರದ ಬೀಸಣಿಗೆ ಕಮಾನುಗಳ ಪ್ರತಿರೂಪ. ಆದರೆ ಅದು ಕಲ್ಲಲ್ಲ, ಕಾಗದದ ಗುಜ್ಜಿನಿಂದ ಅಚ್ಚು ಹೊಯ್ದು ಬಣ್ಣ, ಚಿನ್ನದ ರೇಕು ಹಚ್ಚಿದ್ದು. ಗ್ರಂಥಾಲಯದ ಅಗ್ಗಿಷ್ಟಿಕೆಯ ಮಾದರಿಯನ್ನು ರಾಜವಂಶದವರ ಗೋರಿಗಳಿಂದ ಎತ್ತಿಕೊಂಡಿದ್ದಾರೆ. ಅಂದರೆ ಗೋಥಿಕ್ ಅಲ್ಲಿ ಮನಸ್ಸಿನ ಭಾವವನ್ನು ಎಬ್ಬಿಸುವ ರಂಗಸಜ್ಜು. ಅದರ ಮೋಹಕತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆ ಗ್ಯಾಲರಿ ಇಂಗ್ಲೆಂಡಿನ ಅತ್ಯಂತ ಸಂತೋಷಕರ ಕೋಣೆಗಳಲ್ಲೊಂದು. ಆದರೆ ಪ್ಯೂಜಿನ್ ದನಿಯೆತ್ತಿದ್ದು ಇಂಥದ್ದರ ವಿರುದ್ಧವೇ. ನಾರ್ಟನ್ ಕಲಿತದ್ದು ಬೆಂಜಮಿನ್ ಫೆರಿಯ ಬಳಿ, ಫೆರಿ ಕಲಿತದ್ದು ಪ್ಯೂಜಿನ್‌ನ ತಂದೆಯ ಬಳಿ, ಹೀಗಾಗಿ ಆ ವಾದ ಟಿಂಟ್ಸ್‌ಫೀಲ್ಡ್‌ಗೆ ಗುರುಪರಂಪರೆಯಿಂದಲೇ ಬಂದಿದೆ.

ಆದ್ದರಿಂದ ಇಲ್ಲಿನ ಪ್ರತಿ ದೊಡ್ಡ ಕೋಣೆಯಲ್ಲೂ ತಲೆಯೆತ್ತಿ ಮೂರು ವಿಷಯ ನೋಡಿ. ತೊಲೆ ಗೋಡೆಯನ್ನು ಸೇರುವಲ್ಲಿ ಅದನ್ನು ಹೊರುವ ಚಾಚುಗಲ್ಲು ಇದೆಯೇ, ಅಥವಾ ತೊಲೆ ಸುಮ್ಮನೆ ಗಾರೆಯಲ್ಲಿ ಮುಗಿದುಹೋಗಿದೆಯೇ? ಮರದ ಕೂಡುಗಳು, ಬೆಣೆಗಳು ಕಾಣುವಂತಿವೆಯೇ? ಕಂಬದ ತಲೆಯ ಬೋದಿಗೆ ನಿಜಕ್ಕೂ ಕಮಾನಿನ ಕಾಲನ್ನು ಹೊತ್ತಿದೆಯೇ? ಈ ಪ್ರಶ್ನೆಗಳಿಗೆ ಸಿಗುವ ಉತ್ತರ ಕೋಣೆಯಿಂದ ಕೋಣೆಗೆ ಬದಲಾಗುತ್ತದೆ, ಹಾಗೆಯೇ ಬರೆದುಕೊಳ್ಳಿ. ಬೋದಿಗೆಗಳ ಕೆತ್ತನೆಯನ್ನು ಮಾತ್ರ ಆತುರದಲ್ಲಿ ದಾಟಬೇಡಿ. ವಿಕ್ಟೋರಿಯಾ ಕಾಲದ ಶಿಲ್ಪಿಗಳು ಪುಸ್ತಕದ ಮಾದರಿಗಳಿಗಿಂತ ಬೇಲಿಯಲ್ಲಿ ಬೆಳೆಯುವ ಎಲೆ ಬಳ್ಳಿಗಳನ್ನು ನೋಡಿ ಕೆತ್ತಬೇಕೆಂದು ಕಲಾವಿಮರ್ಶಕ ಜಾನ್ ರಸ್ಕಿನ್ ವಾದಿಸಿದ್ದ. ಅದರ ಪ್ರಭಾವ ಇಲ್ಲಿ ಎದ್ದು ಕಾಣುತ್ತದೆ. ಪಕ್ಕಪಕ್ಕದ ಎರಡು ಬೋದಿಗೆಗಳನ್ನು ಹೋಲಿಸಿ, ಎಲೆಯ ಅಂಚು, ನರ, ಮಡಿಕೆ ಬದಲಾಗಿವೆಯೇ ಎಂದು ನೋಡುವುದಕ್ಕೇ ದುರ್ಬೀನು ಬೇಕೆಂದು ಹೇಳಿದ್ದು.

ಒಳಾಲಂಕಾರದಲ್ಲಿ ಜಾನ್ ಗ್ರೆಗೊರಿ ಕ್ರೇಸ್‌ನ ಹೆಸರು ಮತ್ತೆ ಮತ್ತೆ ಬರುತ್ತದೆ. ಬ್ರಿಟಿಷ್ ಸಂಸತ್ ಭವನದ ಒಳಾಂಗಣದಲ್ಲಿ ಪ್ಯೂಜಿನ್ ಜೊತೆ ದುಡಿದವನು ಈತ. ಪೀಠೋಪಕರಣಗಳ ಬಗ್ಗೆ ಕೋಣೆಯ ಸ್ವಯಂಸೇವಕರೇ ಚೆನ್ನಾಗಿ ಹೇಳುತ್ತಾರಾದ್ದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಪ್ರಾರ್ಥನಾ ಮಂದಿರ

ಮನೆಯ ಮೇಲಂತಸ್ತಿನಿಂದ ಸೇತುವೆಯಂಥ ಓಣಿಯೊಂದು ಪ್ರಾರ್ಥನಾ ಮಂದಿರವನ್ನು ಸೇರುತ್ತದೆ. ಇದಕ್ಕಾಗಿ ಸಾಕಷ್ಟು ಸಮಯ ಉಳಿಸಿಕೊಳ್ಳಿ. ಬ್ಲೊಮ್‌ಫೀಲ್ಡ್ ಮಾದರಿಯಾಗಿ ತೆಗೆದುಕೊಂಡದ್ದು, ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿ ಕಟ್ಟಿಸಿ 1248ರಲ್ಲಿ ಪ್ರತಿಷ್ಠೆ ಮಾಡಿಸಿದ ಪ್ಯಾರಿಸ್ಸಿನ ಸಾಂತ್ ಶಪೆಲ್ ಎಂಬ ಪ್ರಾರ್ಥನಾ ಮಂದಿರವನ್ನು. ಹೊರಗಿನಿಂದ ನೋಡುವಾಗ ಎರಡು ಕಿಟಕಿಗಳ ನಡುವೆ ಗೋಡೆಗೆ ಲಂಬವಾಗಿ ಚಾಚಿದ ಆನಿಕೆ ಗೋಡೆಗಳನ್ನು ಗಮನಿಸಿ. ಕಮಾನು ಹೊರಕ್ಕೆ ತಳ್ಳುವ ಒತ್ತಡವನ್ನು ಈ ಆನಿಕೆಗಳು ಹೊತ್ತುಕೊಂಡರೆ ನಡುವಿನ ಗೋಡೆಗೆ ಹೊರುವ ಕೆಲಸ ತಪ್ಪುತ್ತದೆ, ಆ ಜಾಗವನ್ನೆಲ್ಲ ಗಾಜಿಗೆ ಬಿಡಬಹುದು. ಗೋಥಿಕ್‌ನ ಇಡೀ ತರ್ಕ ಇಷ್ಟೇ. ವಾಸದ ಮನೆಯಲ್ಲಿ ಅದು ಚದುರಿ ಹೋಗಿರುತ್ತದೆ, ಇಲ್ಲಿ ಒಂದೇ ನೋಟಕ್ಕೆ ಸಿಗುತ್ತದೆ. ಅದಕ್ಕಾಗಿಯೇ, ಹೊರಸುತ್ತು ಮುಗಿಸಿದ ಮೇಲೆ ಮನೆಗಿಂತ ಮೊದಲು ಮಂದಿರದ ಒಳಗೆ ಹೋಗಲು ಅವಕಾಶವಿದ್ದರೆ ಹಾಗೆಯೇ ಮಾಡಿ ಎಂದು ಸಲಹೆ ಕೊಡುತ್ತೇನೆ. ಒಳಗಿನ ಬಣ್ಣದ ಗಾಜು ಲಂಡನ್ನಿನ ಪವೆಲ್ ಕಾರ್ಖಾನೆಯದು, ಮೊಸಾಯಿಕ್ ಕೆಲಸ ವೆನಿಸ್‌ನ ಸಾಲ್ವಿಯಾಟಿ ಸಂಸ್ಥೆಯದು. ಬೆಳಗಿನ ಹೊತ್ತು ಪೂರ್ವದ ಕಿಟಕಿಗಳಿಂದ ಬೆಳಕು ನೇರವಾಗಿ ಬೀಳುವಾಗ ಗಾಜಿನ ಕೆಂಪು ನೀಲಿಗಳು ಪೂರ್ಣವಾಗಿ ತೆರೆದುಕೊಳ್ಳುತ್ತವೆ.

ಈ ಮಂದಿರದ ಗಾತ್ರ ಒಂದು ಮನೆತನದ ಪ್ರಾರ್ಥನೆಗೆ ಹೆಚ್ಚಾಯಿತೆನಿಸಬಹುದು. ಗಿಬ್ಸ್, ಇಂಗ್ಲೆಂಡಿನ ಚರ್ಚಿಗೆ ಅದರ ಹಳೆಯ ವಿಧಿವಿಧಾನಗಳನ್ನು ಮರಳಿಸಬೇಕೆಂದ ಆಕ್ಸ್‌ಫರ್ಡ್ ಚಳವಳಿಯ ದೊಡ್ಡ ಪೋಷಕ. ಆಕ್ಸ್‌ಫರ್ಡಿನ ಕೀಬಲ್ ಕಾಲೇಜಿನ ಮಂದಿರಕ್ಕೂ ಹಣ ಕೊಟ್ಟವನು ಅವನೇ. ಅವನಿಗೆ ಗೋಥಿಕ್ ಅಭಿರುಚಿಯಷ್ಟೇ ಆಗಿರದೆ ನಂಬಿಕೆಯ ಘೋಷಣೆಯಾಗಿತ್ತು. ಇಲ್ಲಿಯೇ ಸಮಾಧಿಯಾಗಬೇಕೆಂಬ ಅವನ ಬಯಕೆ ಮಾತ್ರ ಈಡೇರಲಿಲ್ಲ. ಸ್ಥಳೀಯ ಪ್ಯಾರಿಷ್ ಚರ್ಚಿನ ಕಡೆಯಿಂದ ವಿರೋಧ ಬಂದು ಮಂದಿರಕ್ಕೆ ಪ್ರತಿಷ್ಠಾ ವಿಧಿ ನಡೆಯಲಿಲ್ಲ. 1875ರಲ್ಲಿ ತೀರಿಕೊಂಡ ಅವನನ್ನು ರಾಕ್ಸಲ್‌ನ ಚರ್ಚಿನಲ್ಲೇ ಮಣ್ಣು ಮಾಡಿದರು.

ಹಣ ಬಂದ ದಾರಿ

ಕಟ್ಟಡವನ್ನು ಓದುವುದೆಂದರೆ ಅದಕ್ಕೆ ಹಣ ಎಲ್ಲಿಂದ ಬಂತೆಂದು ಕೇಳುವುದೂ ಹೌದು. ಗಿಬ್ಸ್ ಮನೆತನದ ಸಂಸ್ಥೆ 1840ರ ದಶಕದಿಂದ 1861ರವರೆಗೆ ಪೆರು ದೇಶದ ಗ್ವಾನೊ ಗೊಬ್ಬರವನ್ನು, ಅಂದರೆ ಚಿಂಚಾ ದ್ವೀಪಗಳಲ್ಲಿ ಶತಮಾನಗಳಿಂದ ಗುಡ್ಡೆಗಟ್ಟಿದ ಕಡಲಹಕ್ಕಿಗಳ ಹಿಕ್ಕೆಯನ್ನು, ಬ್ರಿಟನ್ನಿಗೆ ತಂದು ಮಾರುತ್ತಿತ್ತು. ಅದನ್ನು ಅಗೆದವರು ಕೈದಿಗಳು, ಗುಲಾಮರು ಮತ್ತು 1849ರ ನಂತರ ಕರಾರಿನ ಮೇಲೆ ಚೀನಾದಿಂದ ತಂದ ಕೂಲಿಗಳು. ಕಣ್ಣು ಉರಿಸುವ ಧೂಳಿನಲ್ಲಿ ದುಡಿದು ಅಲ್ಲೇ ಸತ್ತವರು ಅನೇಕರು. ಮಹಲಿನ ಕೆತ್ತನೆಯ ಎಲೆಗಳಲ್ಲಿ ಆ ದ್ವೀಪಗಳ ಗುರುತು ಇಲ್ಲ. ಆದ್ದರಿಂದ ನೋಡುವವರು ಅದನ್ನು ತಮ್ಮ ಟಿಪ್ಪಣಿಯಲ್ಲಿ ತಾವೇ ಬರೆದುಕೊಳ್ಳಬೇಕು, ನಾರ್ಟನ್‌ನ 70,000 ಪೌಂಡಿನ ಪಕ್ಕದಲ್ಲೇ. ಇದೇ ಕಾರಣಕ್ಕೆ ಅಡುಗೆಮನೆ, ಆಳುಗಳ ಓಣಿಗಳನ್ನೂ ಬಿಡದೆ ನೋಡಿ: ಕೆತ್ತನೆ ಎಲ್ಲಿ ನಿಲ್ಲುತ್ತದೆ, ಕಲ್ಲು ಎಲ್ಲಿ ಸರಳ ಗಾರೆಯಾಗುತ್ತದೆ, ಬಾಗಿಲು ಎಲ್ಲಿ ಕಿರಿದಾಗುತ್ತದೆ ಎಂಬುದನ್ನು ಗುರುತು ಹಾಕಿಕೊಂಡರೆ, ಮನೆಯೊಳಗಿನ ಅಂತಸ್ತಿನ ಗಡಿ ನಕ್ಷೆಯಲ್ಲಿ ತಾನಾಗಿ ಮೂಡುತ್ತದೆ. ಔಚಿತ್ಯ ಎಂದು ಪ್ಯೂಜಿನ್ ಕರೆದದ್ದಕ್ಕೆ ಈ ಅರ್ಥವೂ ಇತ್ತು.

ಮರಳಿದ ಮೇಲೆ ಅದೇ ದಿನ ಕೂತು, ನೆನಪಿನಿಂದಲೇ ನೆಲಮಹಡಿಯ ನಕ್ಷೆ ಬರೆಯಿರಿ. ಹೊರಗೆ ನಿಂತು ಮಾಡಿದ ಊಹೆಗಳಲ್ಲಿ ಸರಿಬಾರದೆ ಹೋದವುಗಳ ಎದುರು, ಕಾರಣ ಹಳೆಯ ಜಾರ್ಜಿಯನ್ ಗೋಡೆಯೋ, ವುಡಿಯರ್‌ನ ತಿದ್ದುಪಡಿಯೋ, 1935ರ ಕೆಡವಿಕೆಯೋ ಎಂದು ಬರೆಯಿರಿ. ಇನ್ನೊಂದು ದಿನ ಬಿಡುವಿದ್ದರೆ ಡೆವನ್‌ನ ಟಿವರ್ಟನ್ ಊರಿನ ಬಳಿ ಇರುವ ನೈಟ್ಸ್‌ಹೇಯ್ಸ್ ಮಹಲಿಗೆ ಹೋಗಿ. ವಾಸ್ತುಶಿಲ್ಪಿ ವಿಲಿಯಂ ಬರ್ಜಸ್ ಅದರ ಕೆಲಸವನ್ನು 1869ರಲ್ಲಿ ಆರಂಭಿಸಿದ, ಆದರೆ ಒಳಾಂಗಣ ಮುಗಿಯುವ ಮೊದಲೇ ಅವನನ್ನು ಬಿಡಿಸಿ, ಟಿಂಟ್ಸ್‌ಫೀಲ್ಡ್‌ನಲ್ಲಿ ದುಡಿದ ಕ್ರೇಸ್‌ನ ಮಗನಿಗೆ ಆ ಕೆಲಸ ಒಪ್ಪಿಸಲಾಯಿತು. ಬರ್ಜಸ್‌ನ ಕೈ ಎಲ್ಲಿ ನಿಂತಿತು, ಕ್ರೇಸ್‌ನದು ಎಲ್ಲಿ ಶುರುವಾಯಿತು ಎಂಬುದನ್ನು ಫಲಕ ಓದುವ ಮೊದಲು ಬೋದಿಗೆ, ತೊಲೆ, ಚಾಚುಗಲ್ಲುಗಳಿಂದಲೇ ಪತ್ತೆ ಮಾಡಲು ಪ್ರಯತ್ನಿಸಿ.